ಬೂದು ಸಾಹಿತ್ಯ ಮತ್ತು ಮುಕ್ತ ವಿಜ್ಞಾನ: ಕೊಡಗಿಗೆ ಸಂಬಂಧಿಸಿದ ನಿದರ್ಶನ

ಪ್ರಕಾಶಕರ ಮೂಲಕ ಮಾರುಕಟ್ಟೆಗೆ ಬಾರದ ಸರ್ಕಾರಿ ವರದಿ, ಸಂಶೋಧನಾ ಪ್ರಬಂಧ, ಸಮೀಕ್ಷಾ ದಾಖಲೆಗಳೇ ಬೂದು ಸಾಹಿತ್ಯ. ಇದನ್ನು ಹೀಗೆ ಗುರುತಿಸಿದ ಲಕ್ಸೆಂಬರ್ಗ್ ವ್ಯಾಖ್ಯೆ 1997ರದು.

ಕೊಡಗನ್ನೂ ಒಳಗೊಂಡ ಪಶ್ಚಿಮ ಘಟ್ಟಗಳ ಪರಿಸರ ಕುರಿತ ಮಾಧವ ಗಾಡ್ಗೀಳ್ ಸಮಿತಿಯ ವರದಿ ಇದಕ್ಕೆ ಒಳ್ಳೆಯ ನಿದರ್ಶನ. 2011ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಸಲ್ಲಿಕೆಯಾದರೂ ಅದು ತಿಂಗಳುಗಟ್ಟಲೆ ಹೊರಬರಲಿಲ್ಲ. ಮಾಹಿತಿ ಹಕ್ಕಿನಡಿ ಬಂದ ಅರ್ಜಿಯ ಮೇಲೆ 2012ರ ಏಪ್ರಿಲ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಪ್ರಕಟಣೆಗೆ ಆದೇಶಿಸಿತು. ಅದರ ವಿರುದ್ಧ ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲಿ ಅರ್ಜಿ ವಜಾ ಆದ ಬಳಿಕವೇ, ಮೇ ತಿಂಗಳಲ್ಲಿ, ವರದಿ ಜನರ ಕೈಗೆ ಸಿಕ್ಕಿತು. ಘಟ್ಟದವರ ಬದುಕನ್ನು ಕುರಿತ ವರದಿಯನ್ನು ಅವರಿಂದಲೇ ಮುಚ್ಚಿಟ್ಟದ್ದು ಅನ್ಯಾಯ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ಅದೇ ವರದಿ ಮತ್ತೆ ಚರ್ಚೆಗೆ ಬಂತು.

ಕೊಡಗಿನ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಸಿದ್ಧವಾಗುವ ಪ್ರಬಂಧಗಳೂ ಬೂದು ಸಾಹಿತ್ಯವೇ. ದೇಶದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ (ಇನ್‌ಫ್ಲಿಬ್‌ನೆಟ್, ಗಾಂಧಿನಗರ), ಕೃಷಿ ವಿಷಯಗಳಿಗೆ ಕೃಷಿಕೋಶ ಎಂಬ ಡಿಜಿಟಲ್ ಭಂಡಾರಗಳಿವೆ. ಇಂಥ ಜ್ಞಾನ ಎಲ್ಲರಿಗೂ ಮುಕ್ತವಾಗಿ ಸಿಗಬೇಕೆಂಬುದೇ ಮುಕ್ತ ವಿಜ್ಞಾನ; ಅದನ್ನು ಕುರಿತ ಯುನೆಸ್ಕೊ ಶಿಫಾರಸು ನವೆಂಬರ್ 2021ರದು.

ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 4(4)ರಂತೆ ಮಾಹಿತಿ ಪ್ರಸಾರ ಮಾಡುವಾಗ ಸ್ಥಳೀಯ ಭಾಷೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕು.