ಮನೆಯಲ್ಲೇ ಟರ್ಬೊ ಕಾರು: ಊದುಗೊಳವೆಯ ಲೆಕ್ಕ, ಜೇಬಿನ ಲೆಕ್ಕ



ಈ ಸಲದ ಯುಗಾದಿ ಊಟದಲ್ಲಿ, ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೆ, ಸ್ನೇಹಿತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ನಮ್ಮ ಹುಡುಗ ಹಳೇ ಕಾರಿಗೆ ಟರ್ಬೊ ಹಾಕ್ತೀನಿ ಅಂತ ಹಟ ಹಿಡಿದು ಕೂತಿದ್ದಾನೆ. ಕಿಟ್ಟು ಇಂಟರ್ನೆಟ್ಟಲ್ಲಿ ಮುನ್ನೂರು ಯೂರೋಗೆ ಸಿಗುತ್ತಂತೆ. ನೀವು ಒಂದ್ಸಲ ಮನೇಲೇ ಮಾಡಿದ್ರಂತಲ್ಲ, ಇದು ಆಗೋ ಮಾತಾ?" ಅಂದರು. ಆಗೋ ಮಾತೇ. ಆದರೆ ಮುನ್ನೂರು ಯೂರೋಗೆ ಆಗುವುದಿಲ್ಲ, ಊಟದ ಪಂಕ್ತಿಯ ನಡುವೆ ನಿಂತು ಹೇಳಿ ಮುಗಿಸುವಂಥದ್ದೂ ಅಲ್ಲ. ಅದಕ್ಕೇ ಈ ಲೇಖನ. ಮನೆಯಲ್ಲಿ ಹದಿನೇಳು ಹದಿನೆಂಟರ ಮಕ್ಕಳಿರುವವರು ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. (ಕನ್ನಡ ಓದಲು ಬಾರದ ಮಕ್ಕಳಿಗೆ ನೀವೇ ಓದಿ ಹೇಳಿ, ಅದೂ ಒಂದು ಕನ್ನಡ ಸೇವೆಯೇ!)

ಮೊದಲು ಟರ್ಬೊ ಎಂದರೆ ಏನು ಅಂತ ನೋಡೋಣ. ನಮ್ಮಜ್ಜಿ ಸೌದೆ ಒಲೆಯ ಮುಂದೆ ಕೂತು ಊದುಗೊಳವೆಯಲ್ಲಿ ಊದಿದರೆ ಉರಿ ಭಗ್ಗನೆ ಏಳುತ್ತಿತ್ತು. ಬೆಂಕಿಗೆ ಸೌದೆಯೊಂದೇ ಸಾಲದು, ಗಾಳಿಯೂ ಬೇಕು. ಕಾರಿನ ಎಂಜಿನ್ ಕೂಡ ಒಂದು ಒಲೆ. ಪಿಸ್ಟನ್ ಕೆಳಗಿಳಿದಾಗ ತಾನಾಗಿ ಎಷ್ಟು ಗಾಳಿ ಒಳಗೆ ನುಗ್ಗುತ್ತದೋ ಅಷ್ಟೇ ಅದರ ಪಾಲು. ಟರ್ಬೊ ಆ ಒಲೆಯ ಊದುಗೊಳವೆ. ಊದುವವರು ಯಾರು ಅಂದರೆ, ಸೈಲೆನ್ಸರ್ ಕಡೆಗೆ ಸುಮ್ಮನೆ ಹೋಗುವ ಬಿಸಿ ಹೊಗೆ. ಆ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹಾಲು ಉಕ್ಕುವಾಗ ಅಜ್ಜಿ ಊದುವುದನ್ನು ನಿಲ್ಲಿಸುತ್ತಿದ್ದಳಲ್ಲ, ಆ ಕೆಲಸಕ್ಕೆ ಇಲ್ಲಿ ವೇಸ್ಟ್‌ಗೇಟ್ ಎಂಬ ಚಿಕ್ಕ ಕಿಂಡಿ ಇದೆ. ಒತ್ತಡ ಮಿತಿ ದಾಟುವಾಗ ಅದು ತೆರೆದು ಹೊಗೆಯನ್ನು ಬೇರೆ ದಾರಿಗೆ ಬಿಡುತ್ತದೆ.

ಇಷ್ಟು ಎಲ್ಲ ಹುಡುಗರಿಗೂ ಗೊತ್ತು. ಅವರು ಮರೆಯುವುದು ಸೌದೆಯನ್ನು.

ಒಂದು ಲೆಕ್ಕ ಹಾಕೋಣ. 1331 ಸಿ.ಸಿ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸುಮಾರು 4 ಕೆ.ಜಿ. ಗಾಳಿ ಕುಡಿಯುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ 13 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಅಂದುಕೊಂಡರೆ ನಿಮಿಷಕ್ಕೆ 310 ಗ್ರಾಂ ಪೆಟ್ರೋಲ್ ಆಯಿತು. ಈಗ ಟರ್ಬೊದಿಂದ ಅರ್ಧ ಬಾರ್ ಹೆಚ್ಚುವರಿ ಒತ್ತಡ ಕೊಟ್ಟೆವು ಅನ್ನಿ. ಗಾಳಿ ಒಂದೂವರೆ ಪಟ್ಟಾಯಿತೇ? ಇಲ್ಲ! ಸೈಕಲ್ ಪಂಪು ಹೊಡೆದಾಗ ಅದರ ತುದಿ ಬಿಸಿಯಾಗುವುದನ್ನು ನೋಡಿದ್ದೀರಿ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಕಾರ್ಕ್‌ನ 15 ಡಿಗ್ರಿ ಗಾಳಿ ಟರ್ಬೊದಿಂದ ಹೊರಬರುವಾಗ ಸುಮಾರು 70 ಡಿಗ್ರಿ ಮುಟ್ಟುತ್ತದೆ. ಬಿಸಿ ಗಾಳಿ ಹಿಗ್ಗಿರುತ್ತದೆ, ಹಾಗಾಗಿ ನಿಜವಾಗಿ ಹೆಚ್ಚಾದ ಗಾಳಿ ಶೇಕಡಾ 26 ಮಾತ್ರ. ನಡುವೆ ಇಂಟರ್‌ಕೂಲರ್ ಇಟ್ಟು ಗಾಳಿಯನ್ನು 35 ಡಿಗ್ರಿಗೆ ಇಳಿಸಿದರೆ ಅದು ಶೇಕಡಾ 40ಕ್ಕೆ ಏರುತ್ತದೆ. ಇಂಟರ್‌ಕೂಲರ್ ಶೋಕಿಗಲ್ಲ ಅನ್ನುವುದು ಇದಕ್ಕೇ.

ಇನ್ನು ಪೆಟ್ರೋಲ್. ಟರ್ಬೊ ಎಂಜಿನ್ನಿಗೆ ಮಿಶ್ರಣ ಇನ್ನೂ ಸ್ವಲ್ಪ ದಪ್ಪ ಬೇಕು, ಸುಮಾರು ಹನ್ನೊಂದೂವರೆಗೆ ಒಂದು. ಆಗ ನಿಮಿಷಕ್ಕೆ 490 ಗ್ರಾಂ. ಅಂದರೆ ಗಾಳಿ ಶೇಕಡಾ 40 ಹೆಚ್ಚಾದರೆ ಪೆಟ್ರೋಲ್ ಶೇಕಡಾ 58 ಹೆಚ್ಚಬೇಕು. ಹಳೆಯ ಇಂಜೆಕ್ಟರುಗಳು, ಹಳೆಯ ಪಂಪು, ಟರ್ಬೊ ಎಂದರೇನೆಂದೇ ಗೊತ್ತಿಲ್ಲದ ಹಳೆಯ ಕಂಪ್ಯೂಟರ್, ಇವು ಅಷ್ಟನ್ನು ಕೊಡಲಾರವು. ಪೆಟ್ರೋಲ್ ಸಾಲದ ಒಲೆಯಲ್ಲಿ ಶಾಖ ಮಿತಿಮೀರುತ್ತದೆ, ಮಿಶ್ರಣ ತನಗೆ ತಾನೇ ಹೊತ್ತಿಕೊಳ್ಳುತ್ತದೆ. ಡಬ್ಬಿಯಲ್ಲಿ ಬೆಣಚುಕಲ್ಲು ಕುಲುಕಿದಂತೆ ಸದ್ದು ಬರುತ್ತದೆ. ಅದಕ್ಕೆ ನಾಕಿಂಗ್ ಅನ್ನುತ್ತಾರೆ. ಆ ಸದ್ದು ನಿಮಗೆ ಕೇಳಿಸುವ ಹೊತ್ತಿಗೆ ಪಿಸ್ಟನ್ನಿನ ಅಂಚು ಮುರಿಯುತ್ತಿರಬಹುದು. ಮುನ್ನೂರು ಯೂರೋ ಕಿಟ್ಟಿನ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುವುದು.

ಹಾಗಾದರೆ ಕಡಿಮೆ ಖರ್ಚಿನ ದಾರಿ ಯಾವುದು? ಹುಟ್ಟುವಾಗಲೇ ಟರ್ಬೊ ಇದ್ದ ಎಂಜಿನ್ನನ್ನು, ಅದು ಸುಲಭವಾಗಿ ಕೂರುವ ಕಾರಿಗೆ ಇಡುವುದು. ಐರ್ಲೆಂಡಿನ ಹುಡುಗರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅವರ ಪ್ರೀತಿಯ ಕಾರು ಟೊಯೊಟಾ ಸ್ಟಾರ್ಲೆಟ್. 1996ರಿಂದ 99ರವರೆಗೆ ಇಲ್ಲಿ ಮಾರಾಟವಾದ ಸ್ಟಾರ್ಲೆಟ್‌ನಲ್ಲಿ 1.3 ಲೀಟರಿನ 4ಇ-ಎಫ್‌ಇ ಎಂಬ ಸಾಧು ಎಂಜಿನ್, ಸುಮಾರು 75 ಕುದುರೆ ಶಕ್ತಿ. ಅದೇ ಕಾಲದಲ್ಲಿ ಜಪಾನಿನಲ್ಲಿ ಗ್ಲಾಂಝಾ ವಿ ಎಂಬ ಸ್ಟಾರ್ಲೆಟ್ ಇತ್ತು. ಅದರಲ್ಲಿ ಅದೇ 1331 ಸಿ.ಸಿ.ಯ ಟರ್ಬೊ ಅಣ್ಣ, 4ಇ-ಎಫ್‌ಟಿಇ, 135 ಕುದುರೆ ಶಕ್ತಿ. ಜಪಾನಿನಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆ ಓಡಿಸುತ್ತಾರಾದ್ದರಿಂದ ಅಲ್ಲಿನ ಹಳೆಯ ಕಾರುಗಳು, ಅರ್ಧ ಕತ್ತರಿಸಿದ ಮುಂಭಾಗಗಳು ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದವು. ಸಾಧು ಎಂಜಿನ್ನಿನ ಕಂಪ್ರೆಷನ್ 9.6ಕ್ಕೆ 1, ಟರ್ಬೊ ಎಂಜಿನ್ನಿನದು 8.2ಕ್ಕೆ 1. ಈ ವ್ಯತ್ಯಾಸ ಸುಮ್ಮನೆ ಅಲ್ಲ. ನಾಕಿಂಗ್ ಆಗದಿರಲೆಂದೇ ಟೊಯೊಟಾದವರು ಇಳಿಸಿದ್ದು. ಕಿಟ್ ಹಾಕುವವನು ಇದನ್ನು ಮನೆಯಲ್ಲಿ ಮಾಡಲು ಹೊರಟರೆ ಎಂಜಿನ್ ಬಿಚ್ಚಿ ಪಿಸ್ಟನ್ ಬದಲಿಸಬೇಕು.

ಚಿಕ್ಕ ಎಂಜಿನ್ನಿಗೆ ಇಲ್ಲಿ ಇನ್ನೊಂದು ಕಾರಣವೂ ಇದೆ. 2008ರ ಜುಲೈಗೆ ಮೊದಲು ನೋಂದಣಿಯಾದ ಕಾರುಗಳಿಗೆ ಮೋಟಾರ್ ಟ್ಯಾಕ್ಸ್ ಇಂದಿಗೂ ಸಿ.ಸಿ. ಲೆಕ್ಕದಲ್ಲೇ. 1331 ಸಿ.ಸಿ.ಗೆ ವರ್ಷಕ್ಕೆ 385 ಯೂರೋ, 2000 ಸಿ.ಸಿ.ಗೆ 710 ಯೂರೋ. ಟ್ಯಾಕ್ಸ್ ಲೆಕ್ಕದವರು ಊದುಗೊಳವೆಯನ್ನು ಅಳೆಯುವುದಿಲ್ಲ ನೋಡಿ!

ನಮ್ಮ ಕಥೆ 2009ರ ಚಳಿಗಾಲದ್ದು. ಆರ್ಥಿಕ ಹಿಂಜರಿತದ ಕಾಲ, ಕೈ ಬಿಗಿಯಾಗಿತ್ತು. ಮಗನಿಗೆ ಹತ್ತೊಂಬತ್ತು. ಮಾರ್ಚ್‌ನಲ್ಲಿ ಕ್ಲೊನಕಿಲ್ಟಿಯ ವೆಸ್ಟ್ ಕಾರ್ಕ್ ರ‍್ಯಾಲಿ ನೋಡಿ ಬಂದವನಿಗೆ ಊಟ ರುಚಿಸುತ್ತಿರಲಿಲ್ಲ. "ಅಪ್ಪ, ನಾನೇ ಮಾಡ್ತೀನಿ, ನೀವು ಷೆಡ್ ಮಾತ್ರ ಕೊಡಿ" ಅಂದ. ನಾನು ದಾವಣಗೆರೆಯ ಪಿ.ಬಿ. ರಸ್ತೆಯ ಲಾರಿ ಗ್ಯಾರೇಜುಗಳನ್ನು ನೋಡುತ್ತ ಬೆಳೆದವನು. ಷೆಡ್ ಕೊಟ್ಟು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಬಜೆಟ್ 1,800 ಯೂರೋ ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು.

ಮನೆಯ ಹಿಂದಿನ ಷೆಡ್ಡಿನಲ್ಲಿ ಕಾರು ಕಟ್ಟುವುದಕ್ಕೂ ಈ ಊರಿಗೂ ಒಂದು ನಂಟಿದೆ. ಹೆನ್ರಿ ಫೋರ್ಡ್ ಅವರ ತಂದೆ ವಿಲಿಯಂ ಇಲ್ಲೇ ಬ್ಯಾಲಿನಸ್ಕಾರ್ತಿಯವರು, ಬರಗಾಲದಲ್ಲಿ 1847ರಲ್ಲಿ ಅಮೆರಿಕಕ್ಕೆ ಹೋದವರು. ಮಗ 1896ರಲ್ಲಿ ಡೆಟ್ರಾಯಿಟ್‌ನ ಬಾಡಿಗೆ ಮನೆಯ ಹಿಂದಿನ ಷೆಡ್ಡಿನಲ್ಲಿ ಸೈಕಲ್ ಚಕ್ರಗಳ ಮೇಲೆ ತನ್ನ ಮೊದಲ ಗಾಡಿ ಕಟ್ಟಿದ. ಎಲ್ಲ ಮುಗಿದ ಮೇಲೆ ನೋಡಿದರೆ ಗಾಡಿ ಬಾಗಿಲಲ್ಲಿ ಹಿಡಿಸುವುದಿಲ್ಲ! ಕೊಡಲಿ ತಂದು ಗೋಡೆ ಒಡೆದ. ಅವನೇ ಮುಂದೆ ಕಾರ್ಕ್‌ನ ಮರೀನಾದಲ್ಲಿ ಕಾರ್ಖಾನೆ ತೆರೆದು 1919ರಿಂದ ಟ್ರಾಕ್ಟರ್ ಮಾಡಿಸಿದ. ಆ ಕಾರ್ಖಾನೆ 1984ರ ಜುಲೈಯಲ್ಲಿ ಮುಚ್ಚಿತು. ಈ ಕಥೆ ಕೇಳಿದ ನನ್ನ ಹೆಂಡತಿ, "ರೀ, ನಮ್ಮ ಷೆಡ್ಡಿನ ಬಾಗಿಲು ಮೊದಲೇ ಅಳೆದುಬಿಡಿ" ಅಂದಳು.

700 ಯೂರೋಗೆ 1998ರ ಸ್ಟಾರ್ಲೆಟ್ ಸಿಕ್ಕಿತು. 900ಕ್ಕೆ ಅಪಘಾತವಾದ ಗ್ಲಾಂಝಾದ ಮುಂಭಾಗ: ಎಂಜಿನ್, ಟರ್ಬೊ, ಇಂಟರ್‌ಕೂಲರ್, ಗೇರ್‌ಬಾಕ್ಸ್, ಕಂಪ್ಯೂಟರ್, ಪೂರ್ತಿ ವೈರಿಂಗ್. (ಈಗ ಆ ಬೆಲೆಗಳನ್ನು ಮರೆತುಬಿಡಿ. ಇವು ಸಂಗ್ರಹಕಾರರ ವಸ್ತುಗಳಾಗಿವೆ.) ತುಂಡು ತುಂಡಾಗಿ ಕೊಳ್ಳದೆ ಒಂದೇ ಗಾಡಿಯ ಭಾಗಗಳನ್ನು ಒಟ್ಟಿಗೆ ಕೊಂಡದ್ದು ನಾವು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ. ವೈರಿನ ಒಂದು ಕನೆಕ್ಟರ್ ಬೇರೆಯಾದರೂ ಹದಿನೈದು ದಿನ ಹೋಗುತ್ತದೆ. ಗೋಡೆಯ ಮೇಲೆ ಉಳಿದದ್ದು 200. ಆಮೇಲೆ ಶುರುವಾಯಿತು ನಿಜವಾದ ಖರ್ಚು: ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಗ್ಯಾಸ್ಕೆಟ್‌ಗಳು, ಕ್ಲಚ್, ಪೆಟ್ರೋಲ್ ಪಂಪ್, ಹೋಸ್‌ಗಳು, ಎಂಜಿನ್ ಎತ್ತುವ ಕ್ರೇನಿನ ಬಾಡಿಗೆ, ದೊಡ್ಡ ಬ್ರೇಕು, ಒಳ್ಳೆ ಟೈರು. 75 ಕುದುರೆಗಳನ್ನು ನಿಲ್ಲಿಸಲು ಮಾಡಿದ ಬ್ರೇಕು 135ನ್ನು ನಿಲ್ಲಿಸುತ್ತದೆಂದು ನಂಬಬಾರದು. ಕೊನೆಗೆ ಲೆಕ್ಕ 2,900 ಮುಟ್ಟಿತು. ಇನ್ನೊಂದು ಮಾತು, ಬರೀ ಜ್ಯಾಕ್ ನಂಬಿ ಯಾರೂ ಕಾರಿನ ಕೆಳಗೆ ನುಗ್ಗಬೇಡಿ. ಸ್ಟ್ಯಾಂಡ್ ಇಟ್ಟ ಮೇಲೂ ಒಮ್ಮೆ ಕಾರನ್ನು ಅಲ್ಲಾಡಿಸಿ ನೋಡಿ.

ಆ 2,900ರಲ್ಲಿ 180 ಯೂರೋ ನನ್ನ ದಡ್ಡತನದ ಬೆಲೆ. ಎಂಜಿನ್ ಮೊದಲ ಸಲ ಶುರುವಾದಾಗ ಅಪ್ಪ ಮಗ ಇಬ್ಬರೂ ಕುಣಿದಾಡಿದೆವು. ಹತ್ತು ನಿಮಿಷಕ್ಕೆ ಹಿಂದಿನಿಂದ ನೀಲಿ ಹೊಗೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. "ಟರ್ಬೊ ಸೀಲ್ ಹೋಗಿದೆ" ಎಂದು ನಾನು ತೀರ್ಪು ಕೊಟ್ಟೆ. ಇನ್ನೊಂದು ಹಳೆಯ ಟರ್ಬೊ ತಂದು ಎರಡು ವಾರಾಂತ್ಯ ಮಳೆಯಲ್ಲಿ ನೆನೆದು ಹಾಕಿದೆವು. ಅದೇ ನೀಲಿ ಹೊಗೆ! ಮಗ ಕಾರಿನ ಕೆಳಗೆ ಟಾರ್ಚ್ ಹಿಡಿದು ಮಲಗಿ, "ಅಪ್ಪ, ಈ ಪೈಪ್ ಯಾಕೆ ಸೊಟ್ಟಗಿದೆ?" ಅಂದ.

ಟರ್ಬೊದ ಶಾಫ್ಟು ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ, ಅದೂ ತೆಳ್ಳಗಿನ ಆಯಿಲ್ ಪದರದ ಮೇಲೆ ತೇಲುತ್ತ. ಆಯಿಲ್ ಒತ್ತಡದಲ್ಲಿ ಮೇಲಿನಿಂದ ಬರುತ್ತದೆ. ಆದರೆ ವಾಪಸ್ ಹೋಗುವಾಗ ಅದಕ್ಕೆ ಒತ್ತಡವಿಲ್ಲ, ಮಜ್ಜಿಗೆಯ ಹಾಗೆ ನೊರೆಯಾಗಿ ತನ್ನ ಭಾರದಿಂದಲೇ ಕೆಳಗಿಳಿಯಬೇಕು. ಆ ಪೈಪ್ ಅಗಲವಾಗಿ, ಇಳಿಜಾರಾಗಿ, ಎಲ್ಲೂ ಮಡಿಸಿಕೊಳ್ಳದೆ ಇರಬೇಕು. ಮಡಿಸಿದರೆ ಆಯಿಲ್ ಮೇಲೆಯೇ ನಿಂತು ಸೀಲ್ ದಾಟಿ ಹೊಗೆಯೊಳಗೆ ಹೋಗುತ್ತದೆ. ಮೊದಲ ಟರ್ಬೊಗೆ ಏನೂ ಆಗಿರಲಿಲ್ಲ. ಪೈಪನ್ನು ಮಡಿಸಿ ಕೂರಿಸಿದವನು ನಾನೇ. ಪಿ.ಬಿ. ರಸ್ತೆಯ ಡ್ರೈವರುಗಳು ಟರ್ಬೊ ಲಾರಿ ನಿಲ್ಲಿಸಿದ ಮೇಲೂ ಒಂದೆರಡು ನಿಮಿಷ ಎಂಜಿನ್ ಓಡಿಸಿಟ್ಟೇ ಆಫ್ ಮಾಡುತ್ತಿದ್ದರು. ಕಾಯ್ದ ಟರ್ಬೊದಲ್ಲಿ ಆಯಿಲ್ ನಿಂತರೆ ಕರಕಲಾಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಅಷ್ಟು ನೋಡಿ ಬೆಳೆದೂ ನಾನು ಪೈಪ್ ನೋಡಲಿಲ್ಲ.

2010ರ ಬೇಸಿಗೆಗೆ ಕಾರು ಸಿದ್ಧವಾಯಿತು. ಇನ್ಶೂರೆನ್ಸ್‌ಗೆ ಫೋನ್ ಮಾಡಿದೆವು. ಮೊದಲನೆಯವರು ಆಗುವುದಿಲ್ಲ ಅಂದರು. ಎರಡನೆಯವರೂ ಅಷ್ಟೇ. ಮೂರನೆಯವರು ಹೇಳಿದ ಮೊತ್ತ ಕಾರಿಗೆ ಸುರಿದ ಒಟ್ಟು ದುಡ್ಡಿಗಿಂತ ಹೆಚ್ಚಿತ್ತು. ಆ ವಾರ ನಮ್ಮ ಮನೆಗೆ ಬಂದವರೆಲ್ಲ ಕೊಟ್ಟ ಸಲಹೆ ಒಂದೇ: "ಕಾರು ನಿಮ್ಮ ಹೆಸರಲ್ಲಿ ಇಡಿ, ಅವನನ್ನು ಎರಡನೇ ಡ್ರೈವರ್ ಅಂತ ಸೇರಿಸಿ, ಟರ್ಬೊ ವಿಷಯ ಎತ್ತಲೇಬೇಡಿ. ಯಾರಿಗೆ ಗೊತ್ತಾಗುತ್ತೆ?" ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಎರಡು ರಾತ್ರಿ ಅದನ್ನೇ ಯೋಚಿಸಿದೆ.

ಯಾರಿಗೆ ಗೊತ್ತಾಗುತ್ತೆ ಅಂದರೆ, ಅಪಘಾತವಾದ ದಿನ ಬಾನೆಟ್ ಎತ್ತಿದವರಿಗೆಲ್ಲ ಗೊತ್ತಾಗುತ್ತದೆ. ಎಂಜಿನ್ ಬದಲಾವಣೆಯನ್ನು ಇನ್ಶೂರೆನ್ಸ್ ಕಂಪನಿಗೆ ಹೇಳಲೇಬೇಕು, ಗಾಡಿಯ ದಾಖಲೆಯಲ್ಲೂ ತಿದ್ದಿಸಬೇಕು. ಮುಚ್ಚಿಟ್ಟರೆ ನಿಮ್ಮ ಕಾರಿಗೆ ಚಿಕ್ಕಾಸೂ ಸಿಗದೆ ಹೋಗಬಹುದು. ಎದುರಿನವರಿಗೆ ಕಂಪನಿ ಪರಿಹಾರ ಕೊಟ್ಟರೂ ಅದನ್ನು ನಿಮ್ಮಿಂದ ವಸೂಲಿ ಮಾಡಲು ಬರಬಹುದು. ಗಾಯಗೊಂಡವರಿದ್ದರೆ ಆ ಮೊತ್ತಕ್ಕೆ ಮನೆ ಮಾರಿದರೂ ಸಾಲದು. ಓಡಿಸುವವನು ಮಗನಾಗಿದ್ದು ಮುಖ್ಯ ಡ್ರೈವರ್ ಅಪ್ಪ ಎಂದು ಬರೆಯುವುದೂ ಸುಳ್ಳು ಹೇಳಿಕೆಯೇ. ನಮ್ಮವರಲ್ಲಿ ಇದನ್ನು ಅಡ್ಜಸ್ಟ್‌ಮೆಂಟ್ ಅಂದುಕೊಳ್ಳುವವರು ಬಹಳ ಮಂದಿ ಇದ್ದಾರೆ, ಅದಕ್ಕೇ ಇಷ್ಟು ಉದ್ದ ಬರೆದೆ.

ನಾವು ಕಾರನ್ನು ಷೆಡ್ಡಿನಲ್ಲೇ ಬಿಟ್ಟೆವು. ಮಗ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಸಾಧಾರಣ ಒಂದು ಲೀಟರ್ ಕಾರಿನಲ್ಲಿ ಮೂರು ವರ್ಷ ಅಪಘಾತವಿಲ್ಲದೆ ಓಡಿಸಿದ. 2013ರಲ್ಲಿ, ಅವನಿಗೆ ಇಪ್ಪತ್ತಮೂರಾದಾಗ, ಬದಲಾವಣೆಗಳನ್ನೆಲ್ಲ ಪಟ್ಟಿ ಮಾಡಿ ಫೋಟೋ ಸಮೇತ ಕಳಿಸಿದ ಮೇಲೆ ಒಂದು ಕಂಪನಿ ಒಪ್ಪಿತು. ಲಿಟ್ಲ್ ಐಲೆಂಡ್‌ನ ಎನ್‌ಸಿಟಿ ಪರೀಕ್ಷೆಯಲ್ಲಿ ಮೊದಲ ಸಲ ಹೊಗೆಯ ಅಳತೆಯಲ್ಲಿ ಫೇಲ್. ಎಕ್ಸಾಸ್ಟ್ ಜೋಡಣೆಯಲ್ಲಿ ಸಣ್ಣ ಸೋರಿಕೆ ಇತ್ತು. ಗ್ಯಾಸ್ಕೆಟ್ ಬದಲಿಸಿದ ಮೇಲೆ ಪಾಸಾಯಿತು.

ಆ ಕಾರು ಇನ್ನೂ ನಮ್ಮಲ್ಲಿದೆ. 2023ರಿಂದ ಇಲ್ಲಿನ ಸಾಮಾನ್ಯ 95 ಪೆಟ್ರೋಲ್‌ನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದ್ದೇವೆ. 2028ಕ್ಕೆ ಅದಕ್ಕೆ ಮೂವತ್ತು ತುಂಬುತ್ತದೆ. ಮೂವತ್ತು ದಾಟಿದ ಕಾರುಗಳಿಗೆ ಮೋಟಾರ್ ಟ್ಯಾಕ್ಸ್ ಈಗ ವರ್ಷಕ್ಕೆ ಬರೀ 56 ಯೂರೋ. ಅದಕ್ಕೆ ಕಾಯುತ್ತಿದ್ದೇವೆ.

ನಮ್ಮ ಸ್ನೇಹಿತರ ಹುಡುಗ ಬರುವ ಶನಿವಾರ ಷೆಡ್ ನೋಡಲು ಬರುತ್ತಾನಂತೆ. ಬೇಡ ಅನ್ನಲಿಲ್ಲ. ಮೂರು ಇನ್ಶೂರೆನ್ಸ್ ಕಂಪನಿಗಳಿಗೆ ಫೋನ್ ಮಾಡಿ, ಅವರು ಹೇಳಿದ ಮೊತ್ತ ಬರೆದುಕೊಂಡು ಬಾ ಅಂದಿದ್ದೇನೆ. ಕಿಟ್ ಆರ್ಡರ್ ಮಾಡುವ ವಿಷಯ ಅದಾದ ಮೇಲೆ.