ರಿಂಗಿನ ಬಾಯಿ ಅಳೆದರೆ ಬೋರಿನ ಸವೆತ ಸಿಗುತ್ತದೆ

ಮಕ್ಕಳೇ, ಹೋದ ವರ್ಷ ಜೂನ್ ತಿಂಗಳಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಲ್ಯಾಬಿಗೆ ಬಂದು, "ಸರ್, ಸ್ಕ್ರೂ ಗೇಜ್ ಒಂದು ದಿನಕ್ಕೆ ಮನೆಗೆ ಕೊಡ್ತೀರಾ?" ಅಂತ ಕೇಳಿದ. ಯಾಕೆ ಅಂದೆ. ಅಪ್ಪನ ದೋಣಿಯ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಹಾಕಿದ್ದಾರಂತೆ. ಕಂಪ್ರೆಶನ್ ಇಲ್ಲ. ಬರೀ ಪಿಸ್ಟನ್ ರಿಂಗ್ ಹೋದದ್ದೋ, ಸಿಲಿಂಡರಿನ ಬೋರೇ ಸವೆದದ್ದೋ ಗೊತ್ತಾಗುವುದಿಲ್ಲ. ರಿಂಗ್ ಮಾತ್ರ ಆದರೆ ಖರ್ಚು ಕಮ್ಮಿ. ಬೋರ್ ಹೊಡೆಸಬೇಕಾದರೆ ದೊಡ್ಡ ಸೈಜಿನ ಪಿಸ್ಟನ್ ಬೇಕು, ಲೇತ್ ಅಂಗಡಿಯಲ್ಲಿ ಕಾಯಬೇಕು. ಕೇರಳದಲ್ಲಿ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ ಇರುವಾಗ ದುಡಿಯುವುದು ಇಂಥ ಸಣ್ಣ ದೋಣಿಗಳೇ. ಆಗ ದೋಣಿ ದಡದಲ್ಲಿ ಕೂತರೆ ಮನೆಯ ಗತಿ ಏನು ಅಂತ ನಮ್ಮ ಕರಾವಳಿಯ ಮಕ್ಕಳಿಗೆ ಹೇಳಬೇಕಾಗಿಲ್ಲ.

ಆದರೆ ಅವನು ಕೇಳಿದ ಉಪಕರಣದಿಂದ ಆ ಕೆಲಸ ಆಗುವುದಿಲ್ಲ. ನಮ್ಮ ಸ್ಕ್ರೂ ಗೇಜ್ ಅಳೆಯುವುದು ಹೊರಗಿನಿಂದ, ಅದೂ 25 ಮಿ.ಮೀ. ಒಳಗಿನ ವಸ್ತುಗಳನ್ನು. ವರ್ನಿಯರ್ ಕ್ಯಾಲಿಪರಿಗೆ ಒಳ ಅಳತೆಯ ಸಣ್ಣ ದವಡೆ ಉಂಟು, ಆದರೆ ಅದು ಬೋರಿನ ಬಾಯಿಯವರೆಗೆ ಮಾತ್ರ. ಸವೆತ ಇರುವುದು ಒಳಗೆ. ಮೇಲಾಗಿ ಲ್ಯಾಬಿನ ವರ್ನಿಯರಿನ ಕನಿಷ್ಠ ಅಳತೆ 0.1 ಮಿ.ಮೀ., ನಾವು ಹುಡುಕುವ ಸವೆತ ಅದಕ್ಕಿಂತಲೂ ಚಿಕ್ಕದು. ಇದಕ್ಕೆಂದೇ ಡಯಲ್ ಬೋರ್ ಗೇಜ್ ಇದೆ, ಬೆಲೆ ಸಾವಿರಗಳಲ್ಲಿ. ವರ್ಷಕ್ಕೊಮ್ಮೆಯ ಕೆಲಸಕ್ಕೆ ಅದನ್ನು ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಫಿಲ್ಲರ್ ಗೇಜ್ ಸಿಗುತ್ತದೆ. ಚಾಕುವಿನ ಹಾಗೆ ಮಡಚುವ ಉಕ್ಕಿನ ತೆಳು ಎಲೆಗಳ ಕಟ್ಟು ಅದು. ಪ್ರತಿ ಎಲೆಯ ಮೇಲೆ ದಪ್ಪ ಬರೆದಿರುತ್ತದೆ: 0.05, 0.10, 0.15 ಹೀಗೆ. ಸ್ಪಾರ್ಕ್ ಪ್ಲಗ್ಗಿನ ಸಂದು ನೋಡಲು ಮೆಕ್ಯಾನಿಕ್ಕುಗಳು ಬಳಸುವುದು ಇದನ್ನೇ. ಬೋರಿನ ಸವೆತವನ್ನೂ ಇದರಿಂದಲೇ ಅಳೆಯಬಹುದು, ನಿಮಗೆ ಗೊತ್ತಿರುವ ಒಂದೇ ಒಂದು ಸೂತ್ರ ಸಾಕು.

ಪಿಸ್ಟನ್ ರಿಂಗ್ ಪೂರ್ಣ ವೃತ್ತವಲ್ಲ, ಒಂದು ಕಡೆ ಬಾಯಿ ಬಿಟ್ಟಿರುತ್ತದೆ. ರಿಂಗನ್ನು ಪಿಸ್ಟನ್ನಿನಿಂದ ಬಿಡಿಸಿ ಬೋರಿನೊಳಗೆ ಇಟ್ಟರೆ ಅದು ಗೋಡೆಗೆ ಒತ್ತಿ ಕೂರುತ್ತದೆ. ರಿಂಗಿನ ಉದ್ದ ಬದಲಾಗುವುದಿಲ್ಲ. ಬೋರ್ ಅಗಲವಾದಷ್ಟೂ ಸುತ್ತಳತೆ ಹೆಚ್ಚುತ್ತದೆ, ಹೆಚ್ಚಿದ್ದೆಲ್ಲ ಬಾಯಿಯಲ್ಲೇ ಕಾಣಬೇಕು. ಸುತ್ತಳತೆ ಅಂದರೆ ವ್ಯಾಸದ 3.14 ಪಟ್ಟು. ಹಾಗಾಗಿ ವ್ಯಾಸ 0.1 ಮಿ.ಮೀ. ಹೆಚ್ಚಿದರೆ ಬಾಯಿ 0.314 ಮಿ.ಮೀ. ಅಗಲವಾಗುತ್ತದೆ. ಚಿಕ್ಕ ಸವೆತವನ್ನು ರಿಂಗೇ ಮೂರು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ನೋಡಿ!

ಎಂಜಿನ್ ಪೂರ್ತಿ ತಣ್ಣಗಿರುವಾಗ ಬೋರನ್ನು ಒರೆಸಿ, ರಿಂಗನ್ನು ಮೊದಲು ಪೋರ್ಟುಗಳಿಗಿಂತ ಕೆಳಗಿನ ಸವೆಯದ ಜಾಗದಲ್ಲಿ ಇಡಬೇಕು. ಬೆರಳಿನಿಂದ ನೂಕಿದರೆ ಓರೆಯಾಗುತ್ತದೆ, ಪಿಸ್ಟನ್ನಿನ ತಲೆಯಿಂದ ಒತ್ತಬೇಕು. ಬಾಯಿಯಲ್ಲಿ ಸ್ವಲ್ಪವೇ ತಡೆದು ಜಾರುವ ಎಲೆ ಯಾವುದೋ ಅದೇ ಅಳತೆ. ಒಂದು ಎಲೆ ಸಾಲದಿದ್ದರೆ ಎರಡನ್ನು ಜೋಡಿಸಿ. ಅನಂತರ ಅದೇ ರಿಂಗನ್ನು ಮೇಲ್ತುದಿಯ ಹತ್ತಿರ, ಪಿಸ್ಟನ್ ಓಡಾಡುವ ಜಾಗದೊಳಗೇ ಇಟ್ಟು ಅಳೆಯಬೇಕು. ರಿಂಗ್ ಹಳೆಯದಾದರೂ ಅಡ್ಡಿಯಿಲ್ಲ, ನಮಗೆ ಬೇಕಾದದ್ದು ಎರಡು ಜಾಗಗಳ ವ್ಯತ್ಯಾಸ ಮಾತ್ರ.

ಆ ಹುಡುಗ ಮತ್ತು ಅವನ ಅಪ್ಪ ಅಳೆದಾಗ ಕೆಳಗೆ 0.35, ಮೇಲೆ 0.50 ಬಂತು. ವ್ಯತ್ಯಾಸ 0.15. ಅದನ್ನು 3.14ರಿಂದ ಭಾಗಿಸಿದರೆ ಸುಮಾರು 0.05 ಮಿ.ಮೀ. ಎಲೆಗಳ ನಡುವಿನ ಅಂತರ 0.05 ಆದ್ದರಿಂದ ಪ್ರತಿ ಓದಿನಲ್ಲೂ ಅಷ್ಟು ತಪ್ಪಿರಬಹುದು. ಆದರೆ ಅದನ್ನೂ 3.14ರಿಂದ ಭಾಗಿಸುತ್ತೇವಲ್ಲ, ವ್ಯಾಸಕ್ಕೆ ತಗಲುವ ತಪ್ಪು 0.016 ಮಾತ್ರ. ಅವರ ಎಂಜಿನಿನ ಪುಸ್ತಕದಲ್ಲಿ ಮಿತಿ 0.08 ಅಂತಿತ್ತು. ಎರಡು ಓದಿನ ತಪ್ಪು ಒಂದೇ ಕಡೆಗೆ ಕೂಡಿಕೊಂಡರೂ ಮಿತಿ ತಲುಪುತ್ತದೆಯೇ ಹೊರತು ಹೆಚ್ಚು ದಾಟುವುದಿಲ್ಲ. (ಮಿತಿ ಎಂಜಿನಿನಿಂದ ಎಂಜಿನಿಗೆ ಬೇರೆ. ಪಕ್ಕದ ಮನೆಯವರ ಲೆಕ್ಕ ನಮಗೆ ಬೇಡ.)

ಹಾಗಂತ ಕೂಡಲೇ ರಿಂಗ್ ತರಿಸಿ ಅಂತ ನಾನು ಹೇಳಲಿಲ್ಲ. ರಿಂಗ್ ತೋರಿಸುವುದು ಸುತ್ತಳತೆಯನ್ನು, ಆಕಾರವನ್ನಲ್ಲ. ಬೋರ್ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಈ ಉಪಾಯಕ್ಕೆ ಅದು ಸರಿಯಾಗಿ ಸಿಗದು. ಅದಕ್ಕೆ ಅವರು ಸಿಲಿಂಡರನ್ನು ಲೇತ್ ಅಂಗಡಿಗೆ ಒಯ್ದು, ಅಲ್ಲಿಯ ಬೋರ್ ಗೇಜಿನಿಂದ ಅಡ್ಡ-ಉದ್ದ ಎರಡೂ ದಿಕ್ಕು ನೋಡಿಸಿದರು. ಸರಿಯಿತ್ತು. ರಿಂಗ್ ಮಾತ್ರ ಬದಲಾಯಿತು. ಕೊಳ್ಳಲಾಗದ ಉಪಕರಣವನ್ನು ಹತ್ತು ನಿಮಿಷಕ್ಕೆ ಕೇಳಿ ಬಳಸುವುದರಲ್ಲಿ ನಾಚಿಕೆ ಏನೂ ಇಲ್ಲ.

ಅಗ್ಗದ ಫಿಲ್ಲರ್ ಗೇಜನ್ನು ನಂಬುವುದು ಹೇಗೆ? ಇಲ್ಲಿ ನಮ್ಮ ಸ್ಕ್ರೂ ಗೇಜ್ ಕೆಲಸಕ್ಕೆ ಬಂತು. ಶೂನ್ಯ ದೋಷ ನೋಡಿಕೊಂಡು ಒಂದೊಂದೇ ಎಲೆಯ ದಪ್ಪ ಅಳೆದೆವು. ತುಕ್ಕು ಹಿಡಿದ ಒಂದು ಎಲೆ ಬರೆದದ್ದಕ್ಕಿಂತ 0.02 ದಪ್ಪ ಬಂತು, ಅದನ್ನು ಬದಿಗಿಟ್ಟೆವು. ಉಪ್ಪು ಗಾಳಿಯ ಊರಲ್ಲಿ ಎಲೆಗಳಿಗೆ ಎಣ್ಣೆ ಸವರಿಯೇ ಇಡಬೇಕು, ಅಳೆಯುವ ಮೊದಲು ಒರೆಸಬೇಕು.

ಎಂಜಿನ್ ಇಲ್ಲದವರು ಅಡಿಗೆಮನೆಯ ಸ್ಟೀಲ್ ಲೋಟದಲ್ಲಿ ಮಾಡಿ ನೋಡಿ. ದಪ್ಪ ಕಾಗದದ ಕಿರಿದಾದ ಪಟ್ಟಿಯೊಂದನ್ನು ಲೋಟದ ತಳದ ಹತ್ತಿರ ಒಳಗೋಡೆಗೆ ತಾಗಿಸಿ ಸುತ್ತಿ, ತುದಿಗಳು ಸರಿಯಾಗಿ ಕೂಡುವಂತೆ ಕತ್ತರಿಸಿ. ಅದನ್ನೇ ಲೋಟದ ಬಾಯಿಯ ಹತ್ತಿರ ಸುತ್ತಿ. ಬಿಟ್ಟ ಸಂದನ್ನು ಸ್ಕೇಲಿನಲ್ಲಿ ಅಳೆದು 3.14ರಿಂದ ಭಾಗಿಸಿ. ಅದೇ ಎರಡು ಜಾಗಗಳ ವ್ಯಾಸವನ್ನು ವರ್ನಿಯರಿನಲ್ಲಿ ಅಳೆದು ತಾಳೆ ನೋಡಿ. ಲೆಕ್ಕ ಹೊಂದದಿದ್ದರೆ ಪಟ್ಟಿ ಓರೆಯಾಗಿ ಕೂತಿದೆಯೋ ಅಂತ ಮೊದಲು ನೋಡಿ, ರಿಂಗಿನಲ್ಲೂ ಆಗುವ ತಪ್ಪು ಅದೇ.