ಮಿನಿಫೈಯರ್‌ಗೆ ನಾವು ಕೊಡುವ ಮಾತು

ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡುತ್ತಿದ್ದ ಪ್ರಾಜೆಕ್ಟು ಪ್ರೊಡಕ್ಷನ್ ಬಿಲ್ಡ್ ಆದ ಕೂಡಲೇ ಕೈ ಕೊಡುತ್ತೆ. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ! ಇಂಥ ಹೊತ್ತಿನಲ್ಲಿ ಒಮ್ಮೆ ಮಿನಿಫೈಯರ್ ಕಡೆ ನೋಡಬೇಕು. ನಾವಿಲ್ಲಿ ಟರ್ಸರ್ ಅನ್ನು ಉದಾಹರಣೆಗೆ ತಗೊಳ್ಳೋಣ. ವೆಬ್‌ಪ್ಯಾಕ್ 5ರ ಪ್ರೊಡಕ್ಷನ್ ಮೋಡ್‌ನಲ್ಲಿ ಇದು ತಾನಾಗಿಯೇ ಓಡುತ್ತೆ.

ಟರ್ಸರ್ ಮುಖ್ಯವಾಗಿ ಎರಡು ಕೆಲಸ ಮಾಡುತ್ತೆ. ‘ಕಂಪ್ರೆಸ್’ ಹಂತದಲ್ಲಿ ಬೇಡದ ಕೋಡ್ ತೆಗೆದು, ಉಳಿದದ್ದನ್ನು ಚಿಕ್ಕದಾಗಿ ಬರೆಯುತ್ತೆ. ‘ಮ್ಯಾಂಗಲ್’ ಹಂತದಲ್ಲಿ ಉದ್ದುದ್ದ ಹೆಸರುಗಳನ್ನು ಒಂದೆರಡು ಅಕ್ಷರಕ್ಕೆ ಇಳಿಸುತ್ತೆ. ಎರಡಕ್ಕೂ ಅದು ನಮ್ಮ ಕೋಡ್ ಬಗ್ಗೆ ಕೆಲವು ಸಂಗತಿ ನಂಬಲೇಬೇಕು, ಯಾಕಂದ್ರೆ ಎಲ್ಲವನ್ನೂ ಓಡಿಸಿ ನೋಡಲು ಅದಕ್ಕೆ ಆಗಲ್ಲ.

ಹೆಸರನ್ನು ಯಾರೂ ಓದಲ್ಲ ಅನ್ನೋ ನಂಬಿಕೆ

ಫಂಕ್ಷನ್‌ನ ಒಳಗಿನ ಪಠ್ಯವನ್ನು ಪ್ರೋಗ್ರಾಂ ತಾನೇ ಓದಲ್ಲ ಅಂತ ಟರ್ಸರ್ ಭಾವಿಸುತ್ತೆ. ಹಳೆಯ ಆಂಗ್ಯುಲರ್‌ಜೆಎಸ್ ಓದುತ್ತಿತ್ತು! ಪ್ಯಾರಾಮೀಟರ್‌ಗಳ ಹೆಸರು ನೋಡಿಯೇ ಯಾವ ಸರ್ವಿಸ್ ಬೇಕು ಅಂತ ತಿಳಿಯುತ್ತಿತ್ತು. ಹೆಸರು ಚಿಕ್ಕದಾದ ತಕ್ಷಣ ಆ್ಯಪ್ ನಿಂತೇ ಹೋಗುತ್ತಿತ್ತು. ಅದಕ್ಕೇ ಹೆಸರುಗಳನ್ನು ಸ್ಟ್ರಿಂಗ್ ಆಗಿ ಅರೇಯಲ್ಲಿ ಬರೆಯುವ ರೂಢಿ ಬಂತು. ಕ್ಲಾಸ್‌ನ ಹೆಸರು ನೋಡಿ ತೀರ್ಮಾನ ಮಾಡುವ ಕೋಡ್ ನಿಮ್ಮಲ್ಲಿದ್ದರೆ ‘ಕೀಪ್_ಕ್ಲಾಸ್‌ನೇಮ್ಸ್’ ಆನ್ ಮಾಡಿ.

ಓದಿದರೆ ಏನೂ ಆಗಲ್ಲ ಅನ್ನೋ ನಂಬಿಕೆ

ಅನಿಮೇಷನ್ ಶುರು ಮಾಡುವ ಮುಂಚೆ ಎಲಿಮೆಂಟ್‌ನ ‘ಆಫ್‌ಸೆಟ್‌ಹೈಟ್’ ಅನ್ನು ಸುಮ್ಮನೆ ಒಂದು ಸಾಲಿನಲ್ಲಿ ಓದುವುದುಂಟು. ಬ್ರೌಸರ್ ಲೇಔಟನ್ನು ಮತ್ತೆ ಲೆಕ್ಕ ಹಾಕಲಿ ಅಂತ. ‘ಪ್ಯೂರ್_ಗೆಟರ್ಸ್’ ಅನ್ನು ಟ್ರೂ ಮಾಡಿದರೆ, ಬೆಲೆ ಬಳಕೆಯಾಗದ ಆ ಸಾಲು ದಂಡ ಅಂತ ಟರ್ಸರ್ ಅಳಿಸಿಬಿಡುತ್ತೆ. ಅನಿಮೇಷನ್ ಕಾಣೆ, ಎರರ್ ಕೂಡ ಇಲ್ಲ.

‘ಡ್ರಾಪ್_ಕನ್ಸೋಲ್’ ಕೂಡ ಹೀಗೆ. ಕನ್ಸೋಲ್ ಲಾಗ್‌ನ ಒಳಗೆ ಕೌಂಟರ್ ಹೆಚ್ಚಿಸಿದ್ದರೆ ಲಾಗ್ ಜೊತೆ ಆ ಏರಿಕೆಯೂ ಹೋಗುತ್ತೆ. ಒಳಗಿನ ಕೆಲಸ ಉಳಿಯಬೇಕಾದರೆ ‘ಪ್ಯೂರ್_ಫಂಕ್ಸ್’ ಬಳಸಬೇಕು.

ಹೊರಗಿನವರಿಗೆ ಗೊತ್ತಿಲ್ಲ ಅನ್ನೋ ನಂಬಿಕೆ

ಪ್ರಾಪರ್ಟಿ ಹೆಸರುಗಳ ಮ್ಯಾಂಗಲಿಂಗ್ ಮೊದಲಿಗೆ ಆಫ್ ಇರುತ್ತೆ, ಕಾರಣವಿದೆ. ಸರ್ವರ್‌ನಿಂದ ಬರುವ ಜೇಸನ್‌ನಲ್ಲಿ ‘ಯುಎಸ್‌ಎನ್’ ಅಂತ ಕೀ ಇದೆ ಅಂದ್ಕೊಳ್ಳಿ. ನಮ್ಮ ಕೋಡ್‌ನಲ್ಲಿ ಅದು ‘ಇ’ ಆಗಿಬಿಟ್ಟರೆ ರಿಸಲ್ಟ್ ಪೇಜಿನಲ್ಲಿ ಎಲ್ಲರ ಯುಎಸ್‌ಎನ್ ಜಾಗದಲ್ಲೂ ‘ಅನ್‌ಡಿಫೈನ್ಡ್’! ಬೇಕೇ ಬೇಕೆಂದರೆ, ಅಂಡರ್‌ಸ್ಕೋರ್‌ನಿಂದ ಶುರುವಾಗುವ ಒಳಗಿನ ಹೆಸರುಗಳಿಗೆ ಮಾತ್ರ ಅನ್ವಯಿಸುವಂತೆ ರೆಜೆಕ್ಸ್ ಕೊಡಿ.

ಹಾಗಾದರೆ ಏನು ಮಾಡೋಣ?

1. ಡೀಫಾಲ್ಟ್ ಸೆಟ್ಟಿಂಗ್‌ನಿಂದಲೇ ಶುರು ಮಾಡಿ. ‘ಅನ್‌ಸೇಫ್’ ಅಂತ ಹೆಸರಿರುವ ಆಯ್ಕೆಗಳನ್ನು ಡಾಕ್ಯುಮೆಂಟೇಶನ್ ಓದದೆ ಮುಟ್ಟಬೇಡಿ. ‘ಅನ್‌ಸೇಫ್_ಮ್ಯಾತ್’ ದಶಮಾಂಶದ ಉತ್ತರವನ್ನೇ ಸ್ವಲ್ಪ ಬದಲಿಸಬಹುದು.
2. ಒಂದು ಸಲಕ್ಕೆ ಒಂದೇ ಆಯ್ಕೆ ಬದಲಿಸಿ, ಗಾತ್ರವನ್ನು ಜಿಜಿಪ್ ಆದ ಮೇಲೆ ಅಳೆಯಿರಿ. ಮತ್ತೆ ಮತ್ತೆ ಬರುವ ಹೆಸರುಗಳನ್ನು ಜಿಜಿಪ್ ಹೇಗೂ ಕುಗ್ಗಿಸುತ್ತೆ. ಹಾಗಾಗಿ ಲಾಭ ಅಂದುಕೊಂಡಷ್ಟು ಇರಲ್ಲ.
3. ಸೋರ್ಸ್ ಮ್ಯಾಪ್ ಇಟ್ಟುಕೊಳ್ಳಿ. ಟೆಸ್ಟ್‌ಗಳನ್ನು ಮಿನಿಫೈ ಆದ ಬಿಲ್ಡ್ ಮೇಲೂ ಓಡಿಸಿ.

ಒಂದೊಂದು ಆಯ್ಕೆ ಆನ್ ಮಾಡುವಾಗಲೂ “ನನ್ನ ಕೋಡ್ ಹೀಗೆ ನಡೆದುಕೊಳ್ಳಲ್ಲ” ಅಂತ ನಾವು ಮಿನಿಫೈಯರ್‌ಗೆ ಮಾತು ಕೊಡ್ತೀವಿ. ಅದು ಪರೀಕ್ಷಿಸದೆ ನಂಬುತ್ತೆ. ಮಾತು ನಿಜವೋ ಅಲ್ಲವೋ ನೋಡೋದು ನಮ್ಮ ಕೆಲಸ.